ಹಳದಿ ಇರಬೇಕಾದ ಮೀಡಿಯಾ ಬೆಳಗಾಗುವಷ್ಟರಲ್ಲಿ ಕೆಂಪು

ಬಳ್ಳಾರಿಯಲ್ಲಿ ಕೂತು ಕ್ಯಾನ್ಸರ್ ಸೆಲ್ ಬೆಳೆಸುತ್ತೇನೆ ಅಂದರೆ ನೆಂಟರು ಕೈ ಕುಲುಕುವ ಮೊದಲು ಯೋಚಿಸುತ್ತಾರೆ. ಅಂಟುವ ರೋಗ ಅಲ್ಲ ಅಂತ ಎಷ್ಟು ಸಲ ಹೇಳಿದರೂ ಅಷ್ಟೇ.

ನಮ್ಮದು ಚಿಕ್ಕ ಲ್ಯಾಬ್. ದೊಡ್ಡ ಕರುಳಿನ ಕ್ಯಾನ್ಸರಿನ ಎಸ್‌ಡಬ್ಲ್ಯು480 ಸೆಲ್‌ಗಳನ್ನು ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಿಂದ ತರಿಸಿದ್ದೆವು. ಇದಕ್ಕೊಂದು ಜೋಡಿ ಇದೆ, ಎಸ್‌ಡಬ್ಲ್ಯು620. ಎರಡೂ ಒಬ್ಬನೇ ರೋಗಿಯವು. ಮೊದಲನೆಯದು ಕರುಳಿನ ಗಡ್ಡೆಯಿಂದ ಬಂದದ್ದು, ಎರಡನೆಯದು ರೋಗ ಹರಡಿದ ಮೇಲೆ ದುಗ್ಧಗ್ರಂಥಿಯಿಂದ (ಲಿಂಫ್ ನೋಡ್) ತೆಗೆದದ್ದು. ನನಗಿದ್ದ ಪ್ರಶ್ನೆ ಒಂದೇ: ಗಡ್ಡೆಯ ಸುತ್ತ ಹುಳಿ ಜಾಸ್ತಿಯಾದರೆ ಸೆಲ್‌ಗಳು ಇದ್ದ ಜಾಗ ಬಿಟ್ಟು ಹೊರಡುತ್ತವಾ?

ಹುಳಿ ಎಲ್ಲಿಂದ ಬರುತ್ತದೆ ಅನ್ನೋದು ಹಳೇ ವಿಷಯ. ಆಕ್ಸಿಜನ್ ಇದ್ದರೂ ಗಡ್ಡೆಯ ಸೆಲ್‌ಗಳು ಗ್ಲೂಕೋಸನ್ನು ಲ್ಯಾಕ್ಟಿಕ್ ಆಸಿಡ್ ಮಾಡುತ್ತವೆ ಅಂತ ಒಟ್ಟೊ ವಾರ್‌ಬರ್ಗ್ 1920ರ ದಶಕದಲ್ಲೇ ತೋರಿಸಿದ್ದ. ಆ ಆಸಿಡ್ಡನ್ನು ಸೆಲ್ ಒಳಗೆ ಇಟ್ಟುಕೊಳ್ಳುವುದಿಲ್ಲ, ಎಂಸಿಟಿ4ನಂಥ ಪ್ರೋಟೀನುಗಳ ಮೂಲಕ ಹೊರಗೆ ಸುರಿಯುತ್ತದೆ. ತನ್ನ ಮನೆಯ ಕಸ ಬೀದಿಗೆ ಎಸೆದ ಹಾಗೆ. ಹುಳಿ ಅಳೆಯುವುದು ಪಿಎಚ್‌ನಲ್ಲಿ, ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ. ರಕ್ತದ ಪಿಎಚ್ 7.4ರ ಆಸುಪಾಸು ಇದ್ದರೆ ಗಡ್ಡೆಯ ಹೊರಗೆ 6.5ರಿಂದ 6.9ರವರೆಗೂ ಇಳಿಯುತ್ತದೆ.

ಸರಿ, ಮೀಡಿಯಾಕ್ಕೆ, ಅಂದರೆ ಸೆಲ್‌ಗಳನ್ನು ಬೆಳೆಸುವ ಪೋಷಕ ದ್ರವಕ್ಕೆ, ಎಚ್‌ಸಿಎಲ್ (ಹೈಡ್ರೋಕ್ಲೋರಿಕ್ ಆಸಿಡ್) ಹನಿ ಹನಿ ಹಾಕಿ 6.5ಕ್ಕೆ ತಂದೆ. ಹುಳಿಯಾದರೆ ಬಣ್ಣ ಬದಲಿಸುವ ಸೂಚಕ ಅದರಲ್ಲಿರುತ್ತದೆ, ಕೆಂಪಗಿದ್ದದ್ದು ಹಳದಿಯಾಯಿತು. ಖುಷಿಯಿಂದ ಮನೆಗೆ ಹೋದೆ. ಬೆಳಗ್ಗೆ ಬಂದು ನೋಡಿದರೆ ಮತ್ತೆ ಕೆಂಪು! ಯಾರೋ ಫ್ಲಾಸ್ಕ್ ಬದಲಾಯಿಸಿದ್ದಾರೆ ಅಂದುಕೊಂಡು ಜೂನಿಯರ್ ಹುಡುಗನಿಗೆ ಸುಮ್ನೆ ಬೈದೆ. ಪಾಪ, ಅವನದೇನೂ ತಪ್ಪಿರಲಿಲ್ಲ. ಒಂದು ತಿಂಗಳ ಕೆಲಸ ಹೀಗೇ ಹಾಳಾಯಿತು.

ಕಾರಣ ಗೋಲಿ ಸೋಡಾದಷ್ಟೇ ಸರಳ. ಮೀಡಿಯಾದಲ್ಲಿ ಬೈಕಾರ್ಬನೇಟ್ ಇರುತ್ತದೆ. ಆಸಿಡ್ ಬಿದ್ದ ಕೂಡಲೇ ಅದರಲ್ಲಿ ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಆ ಗ್ಯಾಸ್ ನೀರಲ್ಲಿ ಕರಗಿರುವ ತನಕ ಮೀಟರ್ 6.5 ತೋರಿಸುತ್ತದೆ. ಗ್ಯಾಸ್ ಹೊರಟುಹೋದ ಮೇಲೆ ಉಳಿದ ಬೈಕಾರ್ಬನೇಟ್ ಪಿಎಚ್ಚನ್ನು 7.5ರ ಹತ್ತಿರಕ್ಕೆ ಎಳೆದುಬಿಡುತ್ತದೆ. ಅಂದರೆ ಶೇಕಡಾ 5 ಇದೇ ಗ್ಯಾಸ್ ಇರುವ ಇನ್‌ಕ್ಯುಬೇಟರಿನಲ್ಲಿ (ಸೆಲ್ ಬೆಳೆಸುವ ಬೆಚ್ಚನೆ ಪೆಟ್ಟಿಗೆ) ಪಿಎಚ್ ಎಷ್ಟಿರಬೇಕು ಅಂತ ತೀರ್ಮಾನಿಸುವುದು ನಾನು ಹಾಕಿದ ಆಸಿಡ್ ಅಲ್ಲ, ಉಳಿದ ಬೈಕಾರ್ಬನೇಟ್. ನಾನು ಬಳಸುವ ಡಿಎಂಇಎಂ ಅನ್ನೋ ಮೀಡಿಯಾದಲ್ಲಿ ಅದು 44 ಮಿಲಿಮೋಲಾರ್ ಇರುತ್ತದೆ. 6.5 ಬೇಕಾದರೆ ಸುಮಾರು 3 ಸಾಕು. ಹಾಗಾಗಿ ಬೈಕಾರ್ಬನೇಟ್ ಇಲ್ಲದ ಪುಡಿ ತರಿಸಿ, ಬೇಕಾದಷ್ಟೇ ಸೇರಿಸಿದೆ. ಬೈಕಾರ್ಬನೇಟ್ ಜೊತೆಗೇ ಕಡಿಮೆಯಾದ ಸೋಡಿಯಂ ಸರಿದೂಗಿಸಲು ಉಪ್ಪು ಹಾಕಿದೆ, ಪಿಎಚ್ ಅಲ್ಲಾಡದಂತೆ ಪೈಪ್ಸ್ ಬಫರ್ ಹಾಕಿದೆ. ಈಗ ಮೀಡಿಯಾವನ್ನು ಮುಚ್ಚಳ ಸಡಿಲ ಮಾಡಿ ಒಂದು ರಾತ್ರಿ ಇನ್‌ಕ್ಯುಬೇಟರಿನಲ್ಲಿಟ್ಟು, ಹೊರಗೆ ತೆಗೆದ ತಕ್ಷಣ ಅಳೆದು, ಆಮೇಲೇ ಸೆಲ್‌ಗೆ ಕೊಡುವುದು.

ಎರಡನೇ ಕಾಟ ನಮ್ಮ ಬಿಸಿಲಿನದು. ಸೆಲ್ ತೂರಿ ಹೋಗುತ್ತದಾ ಅಂತ ನೋಡಲು 8 ಮೈಕ್ರಾನ್ ತೂತಿನ ಪೊರೆಯ ಮೇಲೆ ಮ್ಯಾಟ್ರಿಜೆಲ್ ಹಚ್ಚಬೇಕು, ಮೈಯೊಳಗೆ ಸೆಲ್‌ಗಳ ಸುತ್ತ ಇರುವ ಹಂದರದ ಬದಲಿಗೆ. ಅದು ಐಸ್ ಮೇಲಿದ್ದರೆ ನೀರು, ಬಿಸಿ ತಾಗಿದರೆ ಜೆಲ್ಲಿ. ಮೇ ತಿಂಗಳಲ್ಲಿ ಕರೆಂಟ್ ಹೋಗಿ ಎಸಿ ನಿಂತಾಗ ಪಿಪೆಟ್ ತುದಿಯಲ್ಲೇ ಗಟ್ಟಿಯಾಯಿತು. ಅದರ ಬೆಲೆ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಈಗ ತುದಿಗಳನ್ನೂ ರಾತ್ರಿಯೇ ಫ್ರೀಜರಿಗೆ ಹಾಕಿಡುತ್ತೇನೆ.

ಕೊನೆಗೆ ಕಂಡದ್ದು ಇಷ್ಟು. ಹುಳಿಯಲ್ಲಿ ಸೆಲ್‌ಗಳು ಬೇಗ ಬೆಳೆಯಲಿಲ್ಲ, ಸೊರಗಿದವು. ಆದರೆ ವಾರಗಟ್ಟಲೆ ಅಲ್ಲೇ ಬದುಕಿ ಪಳಗಿದವು ಜೆಲ್ ತೂರಿ ಕೆಳಗಿಳಿದದ್ದು ಜಾಸ್ತಿ. ಕ್ರಿಸ್ಟಲ್ ವೈಲೆಟ್ ಬಣ್ಣ ಹಾಕಿದಾಗ ಪೊರೆಯ ಅಡಿ ನೇರಳೆ ಚುಕ್ಕೆಗಳು ಎದ್ದು ಕಂಡವು. ಹುಳಿಯಲ್ಲಿ ಕೆಥೆಪ್ಸಿನ್‌ನಂಥ ಕಿಣ್ವಗಳು ಚುರುಕಾಗಿ ಸುತ್ತಲಿನ ಹಂದರ ಕರಗಿಸುತ್ತವೆ. ರೋಗ ತಡೆಯುವ ಟಿ ಸೆಲ್‌ಗಳು ಅಲ್ಲಿ ಮಂಕಾಗುತ್ತವೆ. ದಾರಿ ಸಿಕ್ಕ ಕರುಳಿನ ಸೆಲ್ ಕರುಳಿನಿಂದ ಲಿವರಿಗೆ ಹೋಗುವ ಪೋರ್ಟಲ್ ರಕ್ತನಾಳ ಹಿಡಿದರೆ ನೇರ ಲಿವರಿಗೇ. ಈ ಕೊನೆಯ ಭಾಗ ನನ್ನ ತಟ್ಟೆಯಲ್ಲಿ ಕಾಣುವಂಥದ್ದಲ್ಲ ಬಿಡಿ.

ಸಿರುಗುಪ್ಪದ ದೊಡ್ಡಪ್ಪ ಇದನ್ನೆಲ್ಲ ಕೇಳಿ, "ಅಲ್ಲವ್ವಾ, ದಿನಾ ಸೋಡಾ ಪುಡಿ ನೀರಾಗ ಹಾಕ್ಕೊಂಡು ಕುಡಿದ್ರ ಈ ಹುಳಿ ಹೋಗಂಗಿಲ್ಲೇನು?" ಅಂದರು. ಪ್ರಶ್ನೆ ದಡ್ಡತನದ್ದಲ್ಲ. ಸೋಡಾ ಪುಡಿ ಅಂದರೂ ಅದೇ ಬೈಕಾರ್ಬನೇಟ್. ಇಲಿಗಳಲ್ಲಿ ಹಾಗೆ ಮಾಡಿ, ಸ್ತನ ಕ್ಯಾನ್ಸರ್ ಹರಡುವುದು ಕಡಿಮೆಯಾದದ್ದನ್ನು 2009ರಲ್ಲಿ ವರದಿ ಮಾಡಿದ್ದಾರೆ. ಮನುಷ್ಯರಿಗೆ ಅಷ್ಟು ಸೋಡಾ ಕುಡಿಯುವುದೇ ಕಷ್ಟ, ಮೈಗೆ ಅಪಾಯವೂ ಹೌದು. ಹುಳಿ ಅಂತ ನಿಂಬೆಹಣ್ಣು ತಿನ್ನುವುದು ಬಿಟ್ಟರೂ ಉಪಯೋಗವಿಲ್ಲ, ರಕ್ತದ ಪಿಎಚ್ಚನ್ನು ಶ್ವಾಸಕೋಶ, ಕಿಡ್ನಿ ನೋಡಿಕೊಳ್ಳುತ್ತವೆ. "ಹಂಗಾದ್ರ ಸೋಡಾ ಮಿರ್ಚಿಗಷ್ಟೇ" ಅಂದು ಎದ್ದರು.

ನನ್ನ ಹುಳಿ ಮೀಡಿಯಾಕ್ಕೆ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಸಿಡ್‌ನಿಂದ ಬರುವ ಭಾಗ) ಹಾಕಿರಲಿಲ್ಲ, ಗಡ್ಡೆಯಲ್ಲಿ ಅದು ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಅದಕ್ಕೆ ಮತ್ತೆ ಮ್ಯಾಟ್ರಿಜೆಲ್ ಬೇಕು. ಡಿಸೆಂಬರ್ ಬರಲಿ ಅಂತ ಕಾಯುತ್ತಿದ್ದೇನೆ.