ತೋಡಿಗೊಂದು ಕಟ್ಟ: ಎಲ್ಲಿಂದ ಆರಂಭಿಸಬೇಕೆಂದು ತೋಚದವರಿಗೆ

ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿಯುವ ಕಾಸರಗೋಡಿನಲ್ಲಿ ಮಾರ್ಚ್ ಹೊತ್ತಿಗೆ ಎಷ್ಟೋ ಬಾವಿಗಳ ತಳ ಕಾಣುತ್ತದೆ. ಕೊಳವೆಬಾವಿಗಳು ಹೆಚ್ಚಿದ ಕಡೆ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳೂ ಸೊರಗಿವೆ. 2000ದವರೆಗೆ ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ಕಂಡ ಪಡ್ರೆಯಂಥ ಊರುಗಳಲ್ಲಿ ‘ಇನ್ನೇನು ಉಳಿದಿದೆ’ ಎಂಬ ನಿಟ್ಟುಸಿರು ಸಹಜ. ಆದರೆ ಆ ಸಿಂಪಡಣೆ ನಿಂತದ್ದು ಊರವರು ಪಟ್ಟು ಹಿಡಿದು ಕೇಳಿದ್ದರಿಂದ; 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದಕ್ಕೆ ತಡೆ ಹಾಕಿತು. ನೀರಿನ ವಿಷಯದಲ್ಲಿಯೂ ನಮ್ಮ ಕೈಯಲ್ಲೇ ಇರುವ ಕೆಲಸವೊಂದಿದೆ: ಮನೆಯ ಕೆಳಗಿನ ತೋಡಿಗೆ (ಸಣ್ಣ ಹಳ್ಳಕ್ಕೆ) ಕಟ್ಟ, ಅಂದರೆ ಬೇಸಿಗೆಗೆ ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು, ಕಟ್ಟುವುದು.

ಮೊದಲು ನೆರೆಕರೆಯವರನ್ನು ಕರೆದುಕೊಂಡು ತೋಡಿನುದ್ದಕ್ಕೂ ನಡೆಯಿರಿ. ದಡ ಗಟ್ಟಿಯಿರುವ, ತಳದಲ್ಲಿ ಬಂಡೆಯಿರುವ, ಅಗಲ ಕಿರಿದಾದ ಜಾಗವೇ ಸರಿ. ನೀರು ನಿಂತಾಗ ಯಾರ ಅಡಿಕೆ ತೋಟದ ಬುಡ ಮುಳುಗಬಹುದೆಂದು ಆ ತೋಟದವರ ಎದುರಿಗೇ ನೋಡಿ, ಅವರು ಒಪ್ಪಿದ ಎತ್ತರವನ್ನೇ ನಿಗದಿಪಡಿಸಿ. ನನ್ನ ಅನುಭವದಲ್ಲಿ ಕಲ್ಲು ಹೊರುವುದಕ್ಕಿಂತ ಈ ಮಾತುಕತೆಯೇ ಕಷ್ಟ. ಆದರೂ ಇದನ್ನು ಬಿಟ್ಟು ಮುಂದೆ ಹೋಗಬಾರದು.

ಹಿಂಗಾರು ಮುಗಿದು ಹರಿವು ತಗ್ಗಿದ, ಆದರೆ ನಿಲ್ಲದ ದಿನಗಳಲ್ಲಿ, ಅಂದರೆ ಸಾಮಾನ್ಯವಾಗಿ ಡಿಸೆಂಬರಿನಲ್ಲಿ, ಕೆಲಸ ಹಿಡಿಯಿರಿ. ತೋಡಿಗೆ ಅಡ್ಡಲಾಗಿ ಕಾಡುಗಲ್ಲಿನ ಎರಡು ಸಾಲು ಕಟ್ಟಿ, ನಡುವಿನ ತೆರವಿಗೆ ಬೇರು, ಕಸ, ಕಲ್ಲು ಆರಿಸಿದ ಅಂಟುಮಣ್ಣನ್ನು ಒಂದೊಂದು ಗೇಣಿನ ಪದರವಾಗಿ ಹಾಕಿ, ಪ್ರತಿ ಪದರವನ್ನೂ ಒದ್ದೆಮಾಡಿ ತುಳಿಯಬೇಕು. ತುಳಿದ ಮಣ್ಣಿನಲ್ಲಿ ಹಿಮ್ಮಡಿ ಇನ್ನು ಹೂಳದಿದ್ದರೆ ಆ ಪದರ ಸಾಕು. ಅಲ್ಲಿಯವರೆಗೆ ನೀರು ಹೋಗಲು ನಡುವೆ ಬಿಟ್ಟ ಕಂಡಿಯನ್ನು ಕೊನೆಗೆ, ಎಲ್ಲರೂ ಸೇರಿ ಒಂದೇ ಬೀಸಿನಲ್ಲಿ ಮುಚ್ಚಬೇಕು. ಮಣ್ಣು ಸಿಗದಲ್ಲಿ ಮರಳು ತುಂಬಿದ ಗೋಣಿಗಳೂ, ನೀರಿನ ಬದಿಗೆ ಹೊದೆಸಿದ ಪ್ಲಾಸ್ಟಿಕ್ ಶೀಟೂ ಕೆಲಸ ಮಾಡುತ್ತವೆ. ಹೆಚ್ಚಿನ ನೀರು ನಡುಭಾಗದಲ್ಲೇ ಉಕ್ಕಿ ಹರಿಯಲಿ. ಬದಿಯಿಂದ ಹರಿದರೆ ದಡ ಕೊರೆಯುತ್ತದೆ.

ಒಂದು ಕಟ್ಟದಿಂದ ಆಗುವುದು ಸ್ವಲ್ಪ. ಕಾಸರಗೋಡಿನದೇ ಹಳ್ಳಿಯಾದ ಏತಡ್ಕದಲ್ಲಿ ಮಾಡುವಂತೆ ಒಂದೇ ತೋಡಿಗೆ ಸಾಲಾಗಿ ಕಟ್ಟಗಳನ್ನು ಕಟ್ಟಿ, ಕೆಳಗಿನದರ ಹಿನ್ನೀರು ಮೇಲಿನದರ ಬುಡದವರೆಗೆ ಬರುವಂತೆ ಮಾಡಿದರೆ ತೋಡಿನುದ್ದಕ್ಕೂ ನೀರು ನಿಂತು ಎರಡೂ ದಡಗಳ ಮಣ್ಣಿಗೆ ಇಂಗುತ್ತದೆ.

ಕಟ್ಟುವ ಮೊದಲೇ ಹತ್ತಿರದ ಬಾವಿಗೆ ಹಗ್ಗ ಇಳಿಸಿ, ನೀರು ಮುಟ್ಟಿದಲ್ಲಿ ಗಂಟು ಹಾಕಿ, ವಾರಕ್ಕೊಮ್ಮೆ ಅದೇ ಹಗ್ಗದಿಂದ ಅಳೆಯಿರಿ. ಕಟ್ಟದ ಕೆಳಬದಿಯಲ್ಲಿ ಎಲ್ಲಾದರೂ ಕಲಕಿದ ನೀರು ಜಿನುಗಿದರೆ ಅಂದೇ ಹುಲ್ಲು, ಮಣ್ಣು ಮೆತ್ತಿರಿ. ಮೇ ಕೊನೆಯಲ್ಲಿ, ಮುಂಗಾರಿನ ಮೊದಲ ನೆರೆ ಬರುವ ಮುನ್ನ, ಕಟ್ಟ ಬಿಚ್ಚಿ ಕಲ್ಲುಗಳನ್ನು ದಡದ ಮೇಲೆ ಪೇರಿಸಿಡಿ. ಡಿಸೆಂಬರಿನಲ್ಲಿ ಅವೇ ಬೇಕಾಗುತ್ತವೆ.