ಆಸ್ಟ್ರೇಲಿಯಾದಲ್ಲಿ ಡಯಾಬಿಟಿಸ್ ಎಜುಕೇಟರ್ ಆಗ್ಬೇಕಾ, ಕೋರ್ಸ್‌ಗೆ ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಇಲ್ಲಿ ಮೆಲ್ಬರ್ನ್‌ನಲ್ಲಿ ನಮ್ ಕಡೆ ನರ್ಸ್‌ಗಳು, ಡಯಟಿಷಿಯನ್‌ಗಳು ಸಿಕ್ಕಾಗೆಲ್ಲ ಕೇಳೋದು ಒಂದೇ, ಡಯಾಬಿಟಿಸ್ ಎಜುಕೇಟರ್ (ಅಂದ್ರೆ ಶುಗರ್ ಇರೋರಿಗೆ ಅದನ್ನ ದಿನಾ ಹೆಂಗೆ ನೋಡ್ಕೋಬೇಕು ಅಂತ ಕಲಿಸೋರು) ಆಗೋಕೆ ಯಾವ ಕೋರ್ಸ್ ಮಾಡ್ಬೇಕು ಅಂತ. ಕೋರ್ಸ್ ಹೆಸರು ಒಂದು ನಿಮಿಷದಲ್ಲಿ ಹೇಳ್ಬಹುದು, ಆದ್ರೆ ಕೋರ್ಸ್ ಮುಗಿದ ಮಾತ್ರಕ್ಕೆ ಎಜುಕೇಟರ್ ಆಗಲ್ಲ, ಅದರ ಜೊತೆ ಸಾವಿರ ಗಂಟೆ ಕೆಲಸ ತೋರಿಸ್ಬೇಕು, ಇದನ್ನ ನನಗೆ ಯಾರೂ ಮುಂಚೆ ಬಿಡಿಸಿ ಹೇಳಿರ್ಲಿಲ್ಲ, ಅದಕ್ಕೇ ಕೂತು ಬರೀತಿದೀನಿ.

ಮೊದಲನೇದು, ಇದು ಹೊಸದಾಗಿ ಶುರು ಮಾಡೋ ವೃತ್ತಿ ಅಲ್ಲ, ನಿಮ್ಮ ಕೈಲಿರೋ ವೃತ್ತಿ ಮೇಲೆ ಕಟ್ಟೋ ಇನ್ನೊಂದು ಅಂತಸ್ತು. ರಿಜಿಸ್ಟರ್ಡ್ ನರ್ಸ್, ಮಿಡ್‌ವೈಫ್, ಡಯಟಿಷಿಯನ್, ಫಾರ್ಮಸಿಸ್ಟ್, ಪೊಡಿಯಾಟ್ರಿಸ್ಟ್ (ಪಾದದ ಚಿಕಿತ್ಸೆ ಮಾಡೋರು), ಫಿಸಿಯೋಥೆರಪಿಸ್ಟ್, ಎಕ್ಸರ್ಸೈಸ್ ಫಿಸಿಯಾಲಜಿಸ್ಟ್ (ವ್ಯಾಯಾಮದಿಂದ ಚಿಕಿತ್ಸೆ ಕೊಡೋರು), ಡಾಕ್ಟರ್, ಇಂಥ ಯಾವುದೋ ಒಂದು ಆಗಿದ್ದು ಅದಕ್ಕೆ ಇಲ್ಲಿ ಮಾನ್ಯತೆ ಇರ್ಬೇಕು. ಊರಲ್ಲಿ ಬಿಎಸ್‌ಸಿ ನರ್ಸಿಂಗ್ ಮಾಡ್ಕೊಂಡು ಬಂದಿದ್ರೆ ಮೊದಲು ಎಎಚ್‌ಪಿಆರ್‌ಎ ರಿಜಿಸ್ಟ್ರೇಷನ್ (ಇಲ್ಲಿ ನರ್ಸ್, ಡಾಕ್ಟರ್‌ಗಳನ್ನೆಲ್ಲ ನೋಂದಾಯಿಸೋ ಸಂಸ್ಥೆ ಅದು), ಆಮೇಲೆ ಮಿಕ್ಕಿದ್ದು.

ಊರಲ್ಲಿ ಇರೋರಿಗೆ ಒಂದು ಎಚ್ಚರಿಕೆ ಹೇಳ್ಬಿಡ್ತೀನಿ. ಈ ಕೋರ್ಸ್‌ಗಳು ಹೆಚ್ಚಾಗಿ ಆನ್‌ಲೈನ್, ಅದೂ ಪಾರ್ಟ್ ಟೈಮ್, ಇಲ್ಲೇ ಕೆಲಸ ಮಾಡ್ಕೊಂಡಿರೋರಿಗೆ ಅಂತ ಮಾಡಿರೋದು, ಪೂರ್ತಿ ಆನ್‌ಲೈನ್ ಕೋರ್ಸ್ ಇಟ್ಕೊಂಡು ಸ್ಟೂಡೆಂಟ್ ವೀಸಾ ಸಿಗಲ್ಲ. ಇದನ್ನ ತೋರ್ಸಿ ವೀಸಾ ಮಾಡಿಸ್ಕೊಡ್ತೀನಿ ಅಂತ ಯಾರಾದ್ರೂ ಏಜೆಂಟ್ ಹೇಳಿದ್ರೆ ದಯವಿಟ್ಟು ಅಲ್ಲೇ ಎದ್ದು ಬಂದ್ಬಿಡಿ.

ಇನ್ನು ಕೋರ್ಸ್. ಹೆಸರು ಗ್ರಾಜುಯೇಟ್ ಸರ್ಟಿಫಿಕೇಟ್, ಡಿಗ್ರಿ ಆದ್ಮೇಲೆ ಮಾಡೋದು, ಸಾಮಾನ್ಯವಾಗಿ ಪಾರ್ಟ್ ಟೈಮ್ ಒಂದು ವರ್ಷ, ನಾಲ್ಕು ವಿಷಯ. ಡೀಕಿನ್ ಯೂನಿವರ್ಸಿಟಿಯಲ್ಲಿದೆ, ಬೇರೆ ಕಡೆನೂ ಇದೆ. ಆದ್ರೆ ಯೂನಿವರ್ಸಿಟಿ ಹೆಸರು ನೋಡಿ ಸೇರ್ಬೇಡಿ, ಎಡಿಇಎ ಅಂದ್ರೆ ಆಸ್ಟ್ರೇಲಿಯನ್ ಡಯಾಬಿಟಿಸ್ ಎಜುಕೇಟರ್ಸ್ ಅಸೋಸಿಯೇಷನ್ನು ಆ ಕೋರ್ಸ್‌ಗೆ ಮಾನ್ಯತೆ ಕೊಟ್ಟಿದೆಯಾ ಅಂತ ಅವರ ಸೈಟಲ್ಲೇ ನೋಡಿ, ಡಯಾಬಿಟಿಸ್ ಅಂತ ಹೆಸರಲ್ಲಿ ಇದ್ದ ಮಾತ್ರಕ್ಕೆ ಎಲ್ಲಾ ಕೋರ್ಸೂ ಲೆಕ್ಕಕ್ಕೆ ಬರಲ್ಲ. ಫೀಸ್ ವಿಷಯ, ಫೀ ಹೆಲ್ಪ್ ಅಂತ ಸರ್ಕಾರ ಕೊಡೋ ಸಾಲ ಸಿಟಿಜನ್ ಆದವ್ರಿಗೆ ಸಿಗುತ್ತೆ, ಬರೀ ಪಿಆರ್ (ಕಾಯಂ ವಾಸದ ವೀಸಾ) ಇರೋ ನಮ್ಮಂಥೋರು ಹೆಚ್ಚಿನವ್ರು ಕೈಯಿಂದಲೇ ಕಟ್ಬೇಕು, ಸಿಟಿಜನ್‌ಶಿಪ್ ಹತ್ರ ಬಂದಿದ್ರೆ ಆರು ತಿಂಗಳು ಕಾಯೋದೇ ವಾಸಿ.

ಕೋರ್ಸ್ ಮುಗಿಸಿ, ಸಾವಿರ ಗಂಟೆ ಡಯಾಬಿಟಿಸ್ ಎಜುಕೇಷನ್ ಕೆಲಸ ಮಾಡಿ, ಆರು ತಿಂಗಳು ಒಬ್ಬ ಮೆಂಟರ್ ಜೊತೆ ಕಲಿತು, ಎಡಿಇಎ ಮೆಂಬರ್ ಆಗಿ ಅರ್ಜಿ ಹಾಕಿದ್ರೆ ಆಗ ಸಿಡಿಇ, ಅಂದ್ರೆ ಕ್ರೆಡೆನ್ಷಿಯಲ್ಡ್ ಡಯಾಬಿಟಿಸ್ ಎಜುಕೇಟರ್. ಈ ಮೂರಕ್ಷರ ಯಾಕೆ ಬೇಕು ಅಂದ್ರೆ, ಡಾಕ್ಟರ್ ಪ್ಲಾನ್ ಬರೆದು ಕಳಿಸೋ ಪೇಷೆಂಟ್‌ಗೆ ಮೆಡಿಕೇರ್, ಅಂದ್ರೆ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ, ವರ್ಷಕ್ಕೆ ಐದು ವಿಸಿಟ್‌ಗೆ ದುಡ್ಡು ಕೊಡುತ್ತೆ, ಆ ಐದರಲ್ಲೇ ಪೊಡಿಯಾಟ್ರಿಸ್ಟು ಡಯಟಿಷಿಯನ್ನು ಎಲ್ಲಾ ಸೇರ್ಕೊಂಡು, ಅದರಲ್ಲಿ ಎಜುಕೇಟರ್ ಲೆಕ್ಕ ಬರ್ಬೇಕಂದ್ರೆ ಸಿಡಿಇ ಆಗಿರ್ಲೇಬೇಕು.

ಸಾವಿರ ಗಂಟೆ ಅಂದ್ರೆ ಎಷ್ಟು ಅಂತ ಕೂತು ಲೆಕ್ಕ ಹಾಕಿ. ವಾರಕ್ಕೆ ಒಂದು ದಿನ ಎಂಟು ಗಂಟೆ ಅಂತ ವರ್ಷಕ್ಕೆ 46 ವಾರ ಮಾಡಿದ್ರೆ 368 ಗಂಟೆ, ಹತ್ರ ಹತ್ರ ಮೂರು ವರ್ಷ ಹಿಡಿಯುತ್ತೆ. ವಾರಕ್ಕೆ 38 ಗಂಟೆ ಪೂರ್ತಿ ಇದೇ ಕೆಲಸ ಸಿಕ್ರೆ ಆರು ತಿಂಗಳಲ್ಲಿ ಮುಗಿಯುತ್ತೆ, ಆದ್ರೆ ಸಿಡಿಇ ಇಲ್ದೆ ಅಂಥ ಕೆಲಸ ಸಿಗೋದೇ ಕಷ್ಟ. ಅದಕ್ಕೆ ನಾನು ಎಲ್ರಿಗೂ ಹೇಳೋದು, ಕೋರ್ಸ್ ಹುಡುಕೋಕೆ ಮುಂಚೆ ಗಂಟೆ ಎಲ್ಲಿ ಸಿಗುತ್ತೆ ಅಂತ ಹುಡುಕಿ. ನಿಮ್ಮ ಮ್ಯಾನೇಜರ್ ಹತ್ರ ಮಾತಾಡಿ, ಆಸ್ಪತ್ರೆ ಡಯಾಬಿಟಿಸ್ ಕ್ಲಿನಿಕ್‌ಗೆ ವಾರಕ್ಕೆ ಒಂದು ದಿನ ಹಾಕಿಸ್ಕೊಳ್ಳಿ, ಜಿಪಿ ಅಂದ್ರೆ ಫ್ಯಾಮಿಲಿ ಡಾಕ್ಟರ್ ಕ್ಲಿನಿಕ್ ನರ್ಸ್ ಆಗಿದ್ರೆ ಶುಗರ್ ಪೇಷೆಂಟ್‌ಗಳನ್ನ ನಿಮ್ಮ ಹೆಸರಿಗೆ ಬುಕ್ ಮಾಡೋಕೆ ಹೇಳಿ. ವಾರ್ಡಲ್ಲಿ ರೌಂಡ್ಸ್ ಟೈಮಲ್ಲಿ ಇನ್ಸುಲಿನ್ ಕೊಟ್ರೆ ಅದು ನರ್ಸಿಂಗ್ ಕೆಲಸ, ಅದೇ ಪೇಷೆಂಟ್ ಪಕ್ಕ ಕೂತು ಮನೇಲಿ ಹೆಂಗೆ ತಗೋಬೇಕು ಅಂತ ಕಲಿಸಿದ್ರೆ ಅದು ಎಜುಕೇಷನ್, ಅದು ಲೆಕ್ಕಕ್ಕೆ.

ಓದು ಹೆಂಗಿರುತ್ತೆ ಅಂದ್ರೆ, ಟೈಪ್ 1, ಟೈಪ್ 2, ಗರ್ಭಿಣಿಯರ ಡಯಾಬಿಟಿಸ್, ಮಾತ್ರೆ, ಇನ್ಸುಲಿನ್, ಪಂಪ್, ಸೆನ್ಸರ್, ಇದೆಲ್ಲ ನರ್ಸ್‌ಗಳಿಗೆ ಅಷ್ಟು ಕಷ್ಟ ಆಗಲ್ಲ. ಕಷ್ಟ ಆಗೋದು ಅಸೈನ್‌ಮೆಂಟು, ನಾವು ಬಾಯಿಪಾಠ ಮಾಡಿ ಪರೀಕ್ಷೆ ಬರ್ದು ಬಂದೋರು, ಇಲ್ಲಿ ನೀನು ಪೇಷೆಂಟ್ ಹತ್ರ ಏನು ಮಾತಾಡ್ದೆ, ಯಾಕೆ ಹಂಗೆ ಮಾತಾಡ್ದೆ, ಎಲ್ಲಿ ಎಡವಿದೆ ಅಂತ ನೀನೇ ಬರಿ ಅಂತಾರೆ. ಲೆಕ್ಕವೂ ಬದಲಾಗುತ್ತೆ, ಇಲ್ಲಿ ಶುಗರ್ ಅಳೆಯೋದು ಎಂಎಂಒಎಲ್‌ನಲ್ಲಿ (mmol/L), 18ರಿಂದ ಗುಣಿಸಿದ್ರೆ ನಮ್ಮೂರ ಎಂಜಿ (mg/dL) ಲೆಕ್ಕ ಬರುತ್ತೆ, 4ಕ್ಕಿಂತ ಕಮ್ಮಿ ಆದ್ರೆ ಲೋ ಶುಗರ್ ಅಂದ್ರೆ ನಮ್ ಲೆಕ್ಕದಲ್ಲಿ 72. ಊಟದ ಪಾಠ ಎಲ್ಲ ಬ್ರೆಡ್ಡು ಪಾಸ್ತಾ, ಮುದ್ದೆ ಲೆಕ್ಕ ನೀವೇ ಹಾಕ್ಕೋಬೇಕು, ನಾನು ಮನೇಲಿ ಹಿಟ್ಟು ತೂಗಿ ನೋಡಿದೀನಿ, 100 ಗ್ರಾಂ ರಾಗಿ ಹಿಟ್ಟಲ್ಲಿ ಸುಮಾರು 65ರಿಂದ 70 ಗ್ರಾಂ ಕಾರ್ಬೋಹೈಡ್ರೇಟ್, ಅನ್ನ ಬಿಟ್ಟು ಮುದ್ದೆ ತಿಂದ್ರೆ ಎಷ್ಟು ತಿಂದ್ರೂ ನಡೆಯುತ್ತೆ ಅನ್ನೋರಿಗೆ ಇದನ್ನ ಮೆತ್ತಗೆ ಹೇಳ್ಬೇಕಾಗುತ್ತೆ.

ಇಡೀ ಕೋರ್ಸಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಒಂದೇ ಮಾತು, ನೀನು ಹೇಳೋಕೆ ಮುಂಚೆ ಪೇಷೆಂಟ್‌ಗೇ ಮಾಡಿ ತೋರ್ಸೋಕೆ ಹೇಳು ಅನ್ನೋದು. ಪರಿಚಯದವರ ತಾಯಿ ತುಮಕೂರು ಕಡೆಯಿಂದ ಮಗನ ಮನೆಗೆ ಬಂದಿದ್ರು, ಊರಲ್ಲಿ ಚೆನ್ನಾಗಿದ್ದ ಶುಗರ್ ಇಲ್ಲಿ ಬಂದ್ಮೇಲೆ 18ಕ್ಕಿಂತ ಕೆಳಗೆ ಇಳಿಯಲೇ ಇಲ್ಲ, ಅಂದ್ರೆ ಊರ ಲೆಕ್ಕದಲ್ಲಿ 324. ಮಗ, ಅಮ್ಮ ಕದ್ದು ಸ್ವೀಟ್ ತಿಂತಾರೆ ಅಂತ ಗದರ್ತಿದ್ದ. ನಾನು ಊಟದ ಮಾತೇ ಎತ್ಲಿಲ್ಲ, ಅಮ್ಮಾ ದಿನಾ ಹೆಂಗೆ ಚುಚ್ಕೋತೀರೋ ಹಂಗೇ ಒಂದ್ಸಲ ತೋರ್ಸಿ ಅಂದೆ. ಫ್ರಿಜ್ಜಿಂದ ಊರ ಬಾಟ್ಲಿ ತಂದ್ರು, ಲೇಬಲ್ ಮೇಲೆ 40 ಐಯು, ಅಂದ್ರೆ ಒಂದು ಎಂಎಲ್‌ಗೆ 40 ಯೂನಿಟ್ ಇನ್ಸುಲಿನ್. ಸಿರಿಂಜ್ ಮಾತ್ರ ಆರೆಂಜ್ ಕ್ಯಾಪ್, ಅಂದ್ರೆ ಒಂದು ಎಂಎಲ್‌ಗೆ 100 ಯೂನಿಟ್ ಇರೋ ಇನ್ಸುಲಿನ್‌ಗೆ ಗೆರೆ ಹಾಕಿರೋದು, ಊರಿಂದ ತಂದಿದ್ದ 40ರ ಕೆಂಪು ಕ್ಯಾಪ್ ಸಿರಿಂಜ್ ಖಾಲಿಯಾಗಿ ಮಗ ಇಲ್ಲಿನ ಫಾರ್ಮಸಿಯಿಂದ ತಂದುಕೊಟ್ಟಿದ್ದ. ಅವರು ಎಂದಿನ ಹಾಗೆ 20ರ ಗೆರೆಗೆ ಎಳೆದ್ರು, ಒಳಗೆ ಹೋಗ್ತಿದ್ದಿದ್ದು 8 ಯೂನಿಟ್ ಅಷ್ಟೇ. ಅವತ್ತೇ ಡಾಕ್ಟರ್ ಹತ್ರ ಕರ್ಕೊಂಡು ಹೋದ್ರು, ಇನ್ಸುಲಿನ್ ಪೆನ್‌ಗೆ ಬದಲಾಯಿಸಿದ್ರು. ಇದೇ ಉಲ್ಟಾ ಆಗಿ 100ರ ಇನ್ಸುಲಿನ್ನ ಕೆಂಪು ಕ್ಯಾಪ್ ಸಿರಿಂಜಲ್ಲಿ ಎಳೆದಿದ್ರೆ ಎರಡೂವರೆ ಪಟ್ಟು ಹೋಗ್ತಿತ್ತು, ನೆನೆಸ್ಕೊಂಡ್ರೆ ಈಗ್ಲೂ ಎದೆ ಝಲ್ ಅನ್ಸುತ್ತೆ. ಆ ತಾಯಿ ಸ್ವೀಟ್ ಮುಟ್ಟಿರ್ಲಿಲ್ಲ.

ಮೆಂಟರ್‌ನ ಕೋರ್ಸ್ ಶುರುವಲ್ಲೇ ನೋಡ್ಕೊಂಡಿರಿ, ನಿಮ್ಮ ವೃತ್ತಿಯವರೇ ಆಗ್ಬೇಕಿಲ್ಲ, ನರ್ಸ್ ಆಗಿದ್ರೆ ಡಯಟಿಷಿಯನ್ ಮೆಂಟರ್ ಸಿಕ್ರೆ ಇನ್ನೂ ಒಳ್ಳೇದು, ನಮಗೆ ಗೊತ್ತಿಲ್ದೆ ಇರೋದು ಅವರಿಗೆ ಗೊತ್ತಿರುತ್ತೆ. ಸಿಡಿಇ ಆದ್ಮೇಲೂ ನಿಮ್ಮ ಮೂಲ ವೃತ್ತಿಯ ಗೆರೆ ದಾಟೋ ಹಾಗಿಲ್ಲ, ಡೋಸ್ ಬದಲಾಯಿಸೋದು ಯಾರ ಕೆಲಸ ಅನ್ನೋದು ಮೊದಲ ದಿನವೇ ಸ್ಪಷ್ಟ ಮಾಡ್ಕೊಳ್ಳಿ.

ಕೊನೇದಾಗಿ ಗಂಟೆ ಬರ್ದಿಡೋದು. ನಾನು ಮೊದಲು ಕೆಲಸ ಮಾಡಿದ ಒಂದು ಕಡೆ ಎಂಟು ತಿಂಗಳು ಮಾಡಿದ್ದಕ್ಕೆ ಕಾಗದ ಇಟ್ಕೊಂಡಿರ್ಲಿಲ್ಲ, ಅಲ್ಲಿನ ಮ್ಯಾನೇಜರ್ ಬಿಟ್ಟು ಹೋದ್ಮೇಲೆ ಸಹಿ ಹಾಕೋರೇ ಇಲ್ಲ ಅಂದ್ರು, ಅಷ್ಟೂ ಗಂಟೆ ಹೋಯ್ತು, ಮತ್ತೆ ಮೊದಲಿಂದ ಮಾಡ್ದೆ. ಒಂದು ಎಕ್ಸೆಲ್ ಶೀಟ್ ಮಾಡಿ, ತಾರೀಖು, ಎಷ್ಟು ಗಂಟೆ, ಒಬ್ಬರಿಗೋ ಗುಂಪಿಗೋ, ಏನು ಕಲಿಸಿದ್ದು ಅಂತ ನಾಲ್ಕು ಕಾಲಂ ಸಾಕು, ಪೇಷೆಂಟ್ ಹೆಸರು ಬೇಡ, ತಿಂಗಳು ಮುಗಿದ ಕೂಡ್ಲೇ ಪ್ರಿಂಟ್ ತೆಗೆದು ಮ್ಯಾನೇಜರ್ ಸಹಿ ಹಾಕಿಸಿ ಮನೇಲಿ ಒಂದು ಫೈಲಲ್ಲಿ ಇಟ್ಕೊಳ್ಳಿ.