ಮೆದುಳಿನಲ್ಲಿ ಕೀವು ತುಂಬಿದಾಗ: ಶಸ್ತ್ರಚಿಕಿತ್ಸೆಯ ಹಾದಿಯಲ್ಲಿ ರೋಗಿಯ ಮನೆಯವರು ತಿಳಿದಿರಬೇಕಾದದ್ದು

ದಿನೇ ದಿನೇ ಹೆಚ್ಚುವ ತಲೆನೋವಿನ ಜೊತೆಗೆ ವಾಂತಿ, ಫಿಟ್ಸ್, ಮಂಪರು ಅಥವಾ ಒಂದು ಬದಿಯ ಕೈಕಾಲಿನಲ್ಲಿ ಶಕ್ತಿಗುಂದುವಿಕೆ ಕಂಡರೆ, ಜ್ವರವಿಲ್ಲವೆಂದು ಸುಮ್ಮನಿರದೆ ನರಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಕೂಡಲೇ ಹೋಗಬೇಕು. ಮೆದುಳಿನಲ್ಲಿ ಕೀವು ತುಂಬುವ ಈ ಕಾಯಿಲೆಯಲ್ಲಿ ಎಷ್ಟೋ ಜನರಿಗೆ ಜ್ವರ ಬರುವುದೇ ಇಲ್ಲ. ಕಿವಿ ಸೋರುವುದು, ಸೈನಸ್ ಸೋಂಕು, ಹಲ್ಲಿನ ಬಾವು, ಹುಟ್ಟಿನಿಂದ ಬಂದ ಹೃದಯದ ದೋಷ, ತಲೆಗೆ ಬಿದ್ದ ಪೆಟ್ಟು ಇವುಗಳಲ್ಲಿ ಯಾವುದಿದ್ದರೂ ಕೇಳುವ ಮೊದಲೇ ವೈದ್ಯರಿಗೆ ಹೇಳಿಬಿಡಿ. ಬ್ಯಾಕ್ಟೀರಿಯಾ ಮೆದುಳಿಗೆ ತಲುಪುವುದು ಹೆಚ್ಚಾಗಿ ಇಂಥ ದಾರಿಗಳಿಂದಲೇ.

ಸೋಂಕಿನ ಮೊದಲ ದಿನಗಳಲ್ಲಿ ಮೆದುಳಿನ ಭಾಗ ಊದಿಕೊಂಡಿರುತ್ತದೆಯೇ ಹೊರತು ತೆಗೆಯಲು ಕೀವಿರುವುದಿಲ್ಲ. ಸುಮಾರು 2 ವಾರಗಳಲ್ಲಿ ಅಲ್ಲಿ ಕೀವು ಕೂಡಿ, ಅದರ ಸುತ್ತ ಗಟ್ಟಿ ಪೊರೆ ಬೆಳೆದು ಕೀವಿನ ಗಡ್ಡೆಯಾಗುತ್ತದೆ. ಗಡ್ಡೆ 2.5 ಸೆಂ.ಮೀ.ಗಿಂತ ದೊಡ್ಡದಾಗಿದ್ದರೆ, ಸುತ್ತಲಿನ ಮೆದುಳನ್ನು ಒತ್ತುತ್ತಿದ್ದರೆ ಅಥವಾ ಮೆದುಳಿನೊಳಗಿನ ದ್ರವದ ಕುಹರಕ್ಕೆ ಒಡೆಯುವಂತಿದ್ದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯನ್ನೇ ಆಯ್ದುಕೊಳ್ಳುತ್ತಾರೆ.

ಹೆಚ್ಚಾಗಿ ಮಾಡುವುದು ಸೂಜಿಯಿಂದ ಕೀವು ಹೀರುವ ವಿಧಾನ. ಸ್ಕ್ಯಾನ್ ಚಿತ್ರಗಳ ನೆರವಿನಿಂದ ಮಾತು ಮತ್ತು ಚಲನೆಯ ಕೇಂದ್ರಗಳನ್ನು ತಪ್ಪಿಸುವ ದಾರಿಯನ್ನು ಗುರುತಿಸಿಕೊಂಡು, ತಲೆಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು, ಸೂಜಿಯನ್ನು ಗಡ್ಡೆಯೊಳಕ್ಕೆ ನಿಧಾನವಾಗಿ ಇಳಿಸುತ್ತಾರೆ. ಹೊರಬಂದ ಕೀವು ದುರ್ನಾತ ಬೀರಿದರೆ ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾ ಇರಬಹುದೆಂಬ ಸುಳಿವು ಸಿಗುತ್ತದೆ. ಅವು ಗಾಳಿ ತಾಗಿದರೆ ಸಾಯುವುದರಿಂದ ಮಾದರಿಯನ್ನು ಗಾಳಿಯಾಡದಂತೆ ಮುಚ್ಚಿ ಬೇಗನೆ ಪ್ರಯೋಗಾಲಯಕ್ಕೆ ಕಳಿಸಬೇಕಾಗುತ್ತದೆ. ನನ್ನ ದೃಷ್ಟಿಯಲ್ಲಿ ಒತ್ತಡ ಇಳಿಯುವಷ್ಟೇ ಮುಖ್ಯವಾದದ್ದು ಈ ಪರೀಕ್ಷೆ, ಏಕೆಂದರೆ ಮುಂದಿನ ವಾರಗಳ ಔಷಧ ಯಾವುದೆಂದು ನಿರ್ಧಾರವಾಗುವುದು ಬಹುಪಾಲು ಇದರಿಂದಲೇ. ಆದ್ದರಿಂದ ಕಲ್ಚರ್ ವರದಿ (ಕೀವಿನಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಪರೀಕ್ಷೆಯ ವರದಿ) ಏನು ಹೇಳಿದೆ ಎಂದು ಸಂಕೋಚವಿಲ್ಲದೆ ಕೇಳಿ.

ಗಡ್ಡೆಯಲ್ಲಿ ಹಲವು ಕೋಣೆಗಳಿದ್ದರೆ, ಮೂಳೆಚೂರು ಸಿಕ್ಕಿಕೊಂಡಿದ್ದರೆ ಅಥವಾ ಕೀವು ಮತ್ತೆ ಮತ್ತೆ ತುಂಬುತ್ತಿದ್ದರೆ ಬುರುಡೆಯನ್ನು ತೆರೆದು ಪೊರೆಸಹಿತ ತೆಗೆಯಬೇಕಾಗಬಹುದು. ಮೆದುಳಿನ ಹೊದಿಕೆಯ ಕೆಳಗೆ ಕೀವು ಹರಡಿದ್ದರಂತೂ ಅದು ತುರ್ತು ಸ್ಥಿತಿ; ಅಲ್ಲಿ ಕಾದು ನೋಡುವ ಮಾತಿಲ್ಲ.

ಶಸ್ತ್ರಚಿಕಿತ್ಸೆಯ ನಂತರವೂ ಸಾಮಾನ್ಯವಾಗಿ 6ರಿಂದ 8 ವಾರ ಆ್ಯಂಟಿಬಯಾಟಿಕ್ ಬೇಕು, ಅದೂ ಹೆಚ್ಚಿನ ಕಾಲ ರಕ್ತನಾಳದ ಮೂಲಕ. ರೋಗಿ ಗೆಲುವಾಗಿದ್ದಾರೆಂದು ನಡುವೆ ನಿಲ್ಲಿಸಬಾರದು. ಫಿಟ್ಸ್ ಮಾತ್ರೆಗೂ ಇದೇ ಮಾತು. ಎರಡನೆಯ ಬಾರಿ ಕೀವು ಹೀರಬೇಕಾಗಿ ಬಂದರೆ ಮೊದಲ ಚಿಕಿತ್ಸೆ ಕೆಟ್ಟಿತೆಂದು ಭಾವಿಸಬೇಕಿಲ್ಲ. ಗುಣವಾದ ಮೇಲೂ ಸ್ಕ್ಯಾನಿನಲ್ಲಿ ಉಂಗುರದಂಥ ಗುರುತು ತಿಂಗಳುಗಟ್ಟಲೆ ಉಳಿಯಬಹುದು. ಸೋರುವ ಕಿವಿ ಅಥವಾ ಕೆಟ್ಟ ಹಲ್ಲಿನಿಂದ ಸೋಂಕು ಬಂದಿದ್ದರೆ ಅದರ ಚಿಕಿತ್ಸೆ ಯಾವಾಗ ಎಂಬುದನ್ನು ಮನೆಗೆ ಹೊರಡುವ ಮೊದಲೇ ಬರೆಸಿಕೊಳ್ಳಿ.